ಅಮೆರಿಕದ ಕೌಂಟಿ ಜೈಲಿನಲ್ಲಿ ನಮ್ಮವರಿದ್ದರೆ: ಮಾತ್ರೆ, ಫೋನು, ಊಟ, ಕ್ಲಾಸು, ಬಿಡುಗಡೆ – ಯಾವುದು ಮೊದಲು, ಹೇಗೆ?

ಪ್ರತಿ ಸಲವೂ ಹೀಗೇ ಆಗುತ್ತದೆ. ಮೊದಲ ವಾರ ಮನೆಯವರೆಲ್ಲ ಜಾಮೀನಿನ ಹಿಂದೆ ಓಡುತ್ತಾರೆ. ಶುಗರ್ ಮಾತ್ರೆ, ಸಸ್ಯಾಹಾರ, ಫೋನು ಇವೆಲ್ಲ ಆಮೇಲೆ ನೆನಪಾಗುತ್ತವೆ. ಎರಡು ತಿಂಗಳು ಕಳೆದ ಮೇಲೆ ವಕೀಲರು, "ಒಳಗಡೆ ಯಾವುದಾದರೂ ಕ್ಲಾಸ್ ಮಾಡಿದ್ದಾರಾ? ಸರ್ಟಿಫಿಕೇಟ್ ಇದ್ದರೆ ಜಡ್ಜ್‌ಗೆ ತೋರಿಸಬಹುದು" ಅನ್ನುತ್ತಾರೆ. ಆಗ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಕ್ಲಾಸಿಗೆ ಹೆಸರು ಕೊಡಬೇಕು ಅನ್ನುವುದೇ ಯಾರಿಗೂ ಗೊತ್ತಿರುವುದಿಲ್ಲ.

ನಾನು ವಕೀಲನಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಇಂಥ ಕೆಲವು ಕನ್ನಡ ಕುಟುಂಬಗಳ ಜೊತೆ ಕೋರ್ಟಿಗೂ ಜೈಲಿಗೂ ಓಡಾಡಿದವನು. ಹಾಗಾಗಿ ಇಲ್ಲಿರುವ ಕಾನೂನಿನ ಲೆಕ್ಕಗಳು ಕ್ಯಾಲಿಫೋರ್ನಿಯಾದವು. ಬೇರೆ ರಾಜ್ಯದಲ್ಲಿ ಅಂಕಿಗಳು ಬದಲಾಗುತ್ತವೆ, ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲೇ ಒಂದು ಮಾತು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಕೌಂಟಿ ಜೈಲು ನಡೆಸುವುದು ಆ ಕೌಂಟಿಯ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥರು. ಅಲ್ಲಿರುವವರಲ್ಲಿ ಬಹಳ ಜನ ಇನ್ನೂ ವಿಚಾರಣೆ ಕಾಯುತ್ತಿರುವವರು, ಉಳಿದವರು ಸಣ್ಣ ಅವಧಿಯ ಶಿಕ್ಷೆಯವರು. ಜನ ಬರುತ್ತಾ ಹೋಗುತ್ತಾ ಇರುತ್ತಾರೆ. ಯಾರೂ ಬಂದು "ನಿಮಗೇನು ಬೇಕಪ್ಪಾ" ಅಂತ ವಿಚಾರಿಸುವುದಿಲ್ಲ. ಬಾಯಲ್ಲಿ ಕೇಳಿದರೂ ಸಾಲದು, ಚೀಟಿ ಬರೆಯಬೇಕು. ಈ ರಿಕ್ವೆಸ್ಟ್ ಚೀಟಿಗೆ ಹಲವು ಜೈಲುಗಳಲ್ಲಿ 'ಕೈಟ್' ಅನ್ನುತ್ತಾರೆ. ಈಗ ಎಷ್ಟೋ ಕಡೆ ಟ್ಯಾಬ್ಲೆಟ್‌ನಲ್ಲೇ ಕಳಿಸುತ್ತಾರೆ. ಮುಂದೆ ಬರುವ ಎಲ್ಲ ಹಂತಗಳೂ ಈ ಚೀಟಿಯ ಮೇಲೇ ನಿಂತಿವೆ.

ಕೈಯಲ್ಲಿ ಇರಬೇಕಾದ ಸಾಮಾನು

ಒಂದು ನೋಟ್‌ಬುಕ್ ತಗೊಳ್ಳಿ. ಫೋನಿನ ನೋಟ್ಸ್ ಬೇಡ, ಜೈಲಿನ ಒಳಗೆ ಫೋನ್ ಬಿಡುವುದಿಲ್ಲ. ಅದರಲ್ಲಿ ಇವಿಷ್ಟು ಬರೆಯಿರಿ: ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಪೂರ್ತಿ ಹೆಸರು, ಹುಟ್ಟಿದ ದಿನ, ಬುಕಿಂಗ್ ನಂಬರು (ಜೈಲಿಗೆ ಸೇರಿಸಿಕೊಂಡಾಗ ಕೊಡುವುದು), ಕೇಸ್ ನಂಬರು, ಮುಂದಿನ ಕೋರ್ಟ್ ದಿನ, ವಕೀಲರ ನಂಬರು, ಮಾತ್ರೆಗಳ ಪಟ್ಟಿ. ಪಾಸ್‌ಪೋರ್ಟ್, ವೀಸಾ, ಐ-94 (ಅಮೆರಿಕಕ್ಕೆ ಬಂದ ದಾಖಲೆ) ಮೂರರ ಕಾಪಿ ಇರಲಿ. ಭೇಟಿಗೆ ಹೋಗುವವರ ಬಳಿ ಸರ್ಕಾರಿ ಗುರುತಿನ ಚೀಟಿ ಬೇಕೇ ಬೇಕು, ಅದರ ಅವಧಿ ಮುಗಿದಿರಬಾರದು.

ಹಂತ 1: ಎಲ್ಲಿದ್ದಾರೆ ಅಂತ ಪತ್ತೆ ಮಾಡಿ

ಶೆರಿಫ್ ಇಲಾಖೆಯ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಇಲ್ಲೇ ನಮ್ಮವರು ಮೊದಲು ಎಡವುವುದು. ನಮ್ಮ ಹೆಸರುಗಳಲ್ಲಿ ಅಪ್ಪನ ಹೆಸರು, ಊರ ಹೆಸರು, ಇನಿಶಿಯಲ್ ಎಲ್ಲ ಕಲಸಿಹೋಗಿರುತ್ತವೆ. ಸರ್‌ನೇಮ್ ಜಾಗದಲ್ಲಿ ಏನು ಕೂತಿದೆಯೋ ಹೇಳಲು ಬರುವುದಿಲ್ಲ. ಹೆಸರನ್ನು ಹಿಂದುಮುಂದು ಮಾಡಿ ಹುಡುಕಿ. ಆಗಲೂ ಸಿಗದಿದ್ದರೆ ಹುಟ್ಟಿದ ದಿನ ಹೇಳಿ ಫೋನ್ ಮಾಡಿ ಕೇಳಿ.

ಬೆರಳಚ್ಚು, ಫೋಟೊ, ಆರೋಗ್ಯದ ಪ್ರಶ್ನೆಗಳು ಎಲ್ಲ ಮುಗಿದು ಹೆಸರು ಕಾಣಿಸಲು ಕೆಲವು ಗಂಟೆ ಬೇಕಾಗುತ್ತದೆ. ಒಂದೇ ಕೌಂಟಿಗೆ ಎರಡು ಜೈಲು ಇರಬಹುದು. ಸಾಂಟಾ ಕ್ಲಾರಾ ಕೌಂಟಿಯನ್ನೇ ನೋಡಿ: ಮೇನ್ ಜೈಲು ಸ್ಯಾನ್ ಹೋಸೆಯಲ್ಲಿದೆ, ಎಲ್ಮ್‌ವುಡ್ ಮಿಲ್ಪಿಟಾಸಿನಲ್ಲಿದೆ. ನಿನ್ನೆ ಅಲ್ಲಿದ್ದವರು ಇವತ್ತು ಇಲ್ಲಿರಬಹುದು. ಹೊರಡುವ ಮುಂಚೆ ಪ್ರತಿ ಸಲ ನೋಡಿಕೊಳ್ಳಿ.

ಬಂಧನವಾದ 3 ಗಂಟೆಯೊಳಗೆ ಕನಿಷ್ಠ 3 ಫೋನ್ ಕರೆ ಮಾಡಿ ಮುಗಿಸುವ ಹಕ್ಕು ಕ್ಯಾಲಿಫೋರ್ನಿಯಾದಲ್ಲಿದೆ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರಾಗಿದ್ದರೆ ಇನ್ನೂ 2. ಹೊರಗೆ ಬಿಡದಿದ್ದರೆ ಭಾನುವಾರ, ರಜಾದಿನ ಬಿಟ್ಟು 48 ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು.

ಹಂತ 2: ಫೋನಿನಲ್ಲಿ ಏನು ಮಾತಾಡಬಾರದು

ಜಾಸ್ತಿ ಹಾನಿ ಆಗುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ವಕೀಲರ ನೋಂದಾಯಿತ ನಂಬರಿಗೆ ಮಾಡಿದ ಕರೆ ಬಿಟ್ಟು ಉಳಿದದ್ದೆಲ್ಲ ರೆಕಾರ್ಡ್ ಆಗುತ್ತದೆ. "ಕನ್ನಡದಲ್ಲಿ ಮಾತಾಡೋಣ, ಇವರಿಗೇನು ಗೊತ್ತಾಗುತ್ತೆ" ಅನ್ನುವವರನ್ನು ಕಂಡಿದ್ದೇನೆ. ಸರ್ಕಾರದ ಪರ ಕೇಸ್ ನಡೆಸುವ ಪ್ರಾಸಿಕ್ಯೂಟರ್‌ಗೆ ಬೇಕೆನಿಸಿದರೆ ಅನುವಾದ ಮಾಡಿಸುತ್ತಾರೆ, ಅಷ್ಟೇ. "ಆವತ್ತು ನಿಜವಾಗಿ ಏನಾಯಿತು" ಅನ್ನುವ ಪ್ರಶ್ನೆ ಫೋನಿನಲ್ಲೂ ಬೇಡ, ಭೇಟಿಯಲ್ಲೂ ಬೇಡ, ಪತ್ರದಲ್ಲೂ ಬೇಡ. ಜೊತೆಗಿರುವ ಕೈದಿಗೂ ಹೇಳಬಾರದು.

ಇನ್ನೊಂದು, ಗಂಡ ಹೆಂಡತಿ ಜಗಳದ ಕೇಸು. ಇಂಥದ್ದರಲ್ಲಿ ಜಡ್ಜ್ ಸಾಮಾನ್ಯವಾಗಿ ದೂರು ಕೊಟ್ಟವರನ್ನು ಸಂಪರ್ಕಿಸಬಾರದು ಅಂತ ಆದೇಶ ಹಾಕುತ್ತಾರೆ. ಆದೇಶ ಇರುವಾಗ ಒಳಗಿನಿಂದ ಹೆಂಡತಿಗೆ ಫೋನ್ ಮಾಡಿದರೆ ಅದೇ ಇನ್ನೊಂದು ಅಪರಾಧ. ಅಕ್ಕನ ಮೂಲಕ, ಮಾವನ ಮೂಲಕ ಹೇಳಿ ಕಳಿಸಿದರೂ ಅದು ಸಂಪರ್ಕವೇ. ಊರಿನಲ್ಲಿ ಹಿರಿಯರು ಕೂತು ರಾಜಿ ಮಾಡಿಸಿದ ಹಾಗೆ ಇಲ್ಲಿ ಆಗುವುದಿಲ್ಲ. ಕೇಸ್ ಹಾಕಿರುವುದು ಸರ್ಕಾರ, ದೂರು ಕೊಟ್ಟವರು "ವಾಪಸ್ ತಗೊಂಡೆ" ಅಂದ ಮಾತ್ರಕ್ಕೆ ಮುಗಿಯುವುದಿಲ್ಲ. "ಕೇಸ್ ವಾಪಸ್ ತಗೋ ಅಂತ ಅವಳಿಗೆ ಹೇಳು" ಅನ್ನುವ ಒಂದು ಸಾಲು ರೆಕಾರ್ಡ್ ಆದರೆ ಸಾಕ್ಷಿಯನ್ನು ಬೆದರಿಸಿದ ಇಲ್ಲವೇ ತಡೆದ ಆರೋಪ ಬರಬಹುದು. ಅದು ಮೂಲ ಕೇಸಿಗಿಂತ ದೊಡ್ಡದಾಗಿಬಿಟ್ಟರೂ ಆಶ್ಚರ್ಯವಿಲ್ಲ.

ಮೂರನೆಯದು ಕಾನ್ಫರೆನ್ಸ್ ಕಾಲ್. ಒಂದು ಮನೆಯಲ್ಲಿ ನಾನೇ ಕೂತಿದ್ದೆ. ಅಡುಗೆಮನೆ ಕಟ್ಟೆಯ ಮೇಲಿದ್ದ ಫೋನಿನಲ್ಲಿ ಜೈಲಿನಿಂದ ತಮ್ಮ. ಅಣ್ಣ ಅದೇ ಫೋನಿನಿಂದ ದಾವಣಗೆರೆಯ ಅಮ್ಮನಿಗೂ ಡಯಲ್ ಮಾಡಿ ಎರಡನ್ನೂ ಸೇರಿಸುವ ಬಟನ್ ಒತ್ತಿದರು. ತಮ್ಮನ ಲೈನ್ ಟಪ್ ಅಂತ ಕಟ್ ಆಯಿತು. ಅಮ್ಮ ಆ ಕಡೆಯಿಂದ "ಹಲೋ, ಹಲೋ ಮಗಾ, ಊಟ ಆಯ್ತಾ?" ಅನ್ನುತ್ತಲೇ ಇದ್ದರು. ಮೂರನೆಯವರನ್ನು ಸೇರಿಸುವುದು, ಕಾಲ್ ಫಾರ್ವರ್ಡ್ ಮಾಡುವುದು ಬಹುತೇಕ ಜೈಲುಗಳಲ್ಲಿ ನಿಷೇಧ. ಕಂಪ್ಯೂಟರ್ ಪತ್ತೆ ಹಚ್ಚಿ ಕರೆ ತುಂಡರಿಸುತ್ತದೆ, ಮತ್ತೆ ಮತ್ತೆ ಮಾಡಿದರೆ ನಂಬರನ್ನೇ ಬ್ಲಾಕ್ ಮಾಡುತ್ತಾರೆ. ಅಂತರರಾಷ್ಟ್ರೀಯ ಪ್ರಿಪೇಯ್ಡ್ ಕರೆ ಇದೆಯಾ ಅಂತ ಆ ಜೈಲಿನ ಫೋನ್ ಕಂಪನಿಯನ್ನು ಕೇಳಿ. ಇಲ್ಲದಿದ್ದರೆ ಅಮ್ಮನ ಮಾತನ್ನು ನೀವೇ ಮುಟ್ಟಿಸಿ.

ಫೋನಿನ ಖರ್ಚು ಕೌಂಟಿಯಿಂದ ಕೌಂಟಿಗೆ ಬೇರೆ. ಸ್ಯಾನ್ ಫ್ರಾನ್ಸಿಸ್ಕೊ 2020ರಲ್ಲಿ ಜೈಲಿನ ಕರೆಗಳನ್ನು ಉಚಿತ ಮಾಡಿತು. ದುಡ್ಡು ಕಟ್ಟುವ ಮುಂಚೆ ನಿಮ್ಮ ಕೌಂಟಿಯಲ್ಲಿ ಹೇಗಿದೆ ನೋಡಿ.

ಹಂತ 3: ಮಾತ್ರೆ, 24 ಗಂಟೆಯೊಳಗೆ

ಮನೆಯಿಂದ ಮಾತ್ರೆ ಡಬ್ಬಿ ತಗೊಂಡು ಹೋದರೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಜೈಲಿನ ಮೆಡಿಕಲ್ ವಿಭಾಗಕ್ಕೆ ಫೋನ್ ಮಾಡಿ, ಪ್ರಿಸ್ಕ್ರಿಪ್ಷನ್ ಕಳಿಸುವ ಫ್ಯಾಕ್ಸ್ ನಂಬರ್ ಕೇಳಿ. ಅವರು ಗೋಪ್ಯತೆ ಕಾನೂನು ತೋರಿಸಿ "ನಾವೇನೂ ಹೇಳುವಂತಿಲ್ಲ" ಅನ್ನುತ್ತಾರೆ. ಅದು ಸರಿಯೇ. ಆದರೆ ನೀವು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಬಹುದು. "ನೀವು ಏನೂ ಹೇಳಬೇಡಿ, ನಾನು ಹೇಳುವುದನ್ನು ಬರೆದುಕೊಳ್ಳಿ ಸಾಕು" ಅನ್ನಿ. ಮಾತಾಡಿದವರ ಹೆಸರು, ಸಮಯ ನಿಮ್ಮ ನೋಟ್‌ಬುಕ್ಕಿಗೆ ಹೋಗಲಿ.

ನಮ್ಮವರ ತಪ್ಪು ಒಂದೇ: ಊರಿನ ಬ್ರ್ಯಾಂಡ್ ಹೆಸರು ಹೇಳುವುದು. ಗ್ಲೈಕೋಮೆಟ್ ಅಂದರೆ ಇಲ್ಲಿನ ನರ್ಸಿಗೆ ಅರ್ಥವಾಗುವುದಿಲ್ಲ, ಮೆಟ್‌ಫಾರ್ಮಿನ್ ಅನ್ನಬೇಕು. ಎಲ್ಟ್ರಾಕ್ಸಿನ್ ಇಲ್ಲಿ ಲೆವೊಥೈರಾಕ್ಸಿನ್. ಡೋಲೋ ಇಲ್ಲಿ ಅಸಿಟಮಿನೋಫೆನ್. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಕೊನೆಯ ಡೋಸ್ ಯಾವಾಗ, ಇಷ್ಟನ್ನೂ ಬರೆಯಿರಿ.

ಕುಡಿತದ ಚಟ ಇದ್ದರೆ ಮುಚ್ಚಿಡಬೇಡಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಗೊಂದಲ ಬರಬಹುದು, ಜೀವಕ್ಕೇ ಅಪಾಯ. "ಮಾನ ಹೋಗುತ್ತೆ" ಅಂತ ಸುಮ್ನೆ ಇದ್ದುಬಿಡುವುದು ಇಲ್ಲಿ ತುಂಬಾ ದುಬಾರಿ. ಸಾಯುವ ಮಾತಾಡಿದರೆ, ಮಾತಿನಲ್ಲಿ ಹಿಡಿತ ತಪ್ಪಿದರೆ, ತಕ್ಷಣ ಜೈಲಿಗೆ ಫೋನ್ ಮಾಡಿ ವಾಚ್ ಕಮಾಂಡರ್ (ಆ ಪಾಳಿಯ ಮೇಲಧಿಕಾರಿ) ಬೇಕು ಅನ್ನಿ.

ಹಂತ 4: ವಕೀಲರು, ವೀಸಾ, ಕಾನ್ಸುಲೇಟ್

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಪಬ್ಲಿಕ್ ಡಿಫೆಂಡರ್ ಸಿಗುತ್ತಾರೆ. "ಸರ್ಕಾರಿ ವಕೀಲರು" ಅಂತ ಮೂಗು ಮುರಿಯಬೇಡಿ, ದಿನಾ ಅದೇ ಜಡ್ಜ್ ಮುಂದೆ ನಿಲ್ಲುವವರು ಅವರು. ಆದರೆ ಎಚ್-1ಬಿ ಕೆಲಸದ ವೀಸಾ, ಎಫ್-1 ವಿದ್ಯಾರ್ಥಿ ವೀಸಾ, ಗ್ರೀನ್ ಕಾರ್ಡ್ ಯಾವುದೇ ಇರಲಿ, ಮೊದಲ ಭೇಟಿಯಲ್ಲೇ ಹೇಳಬೇಕಾದ್ದು: "ನಾನು ಅಮೆರಿಕದ ನಾಗರಿಕ ಅಲ್ಲ." ತಪ್ಪೊಪ್ಪಿಗೆಯಿಂದ ಗಡೀಪಾರು ಆಗಬಹುದಾ ಅಂತ ವಕೀಲರು ತಿಳಿಸಲೇಬೇಕು. 2010ರ ಪಡಿಲ್ಲಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಕೆಲಸ ಹೋದರೆ ಎಚ್-1ಬಿಯವರಿಗೆ ಇಲ್ಲಿ ಉಳಿಯಲು ಹೆಚ್ಚೆಂದರೆ 60 ದಿನ ಇರುತ್ತದೆ. ಹಾಗಾಗಿ ಆಫೀಸಿಗೆ ಏನು ಹೇಳಬೇಕು, ರಜೆ ಹೇಗೆ ಕೇಳಬೇಕು ಅನ್ನುವುದನ್ನೂ ವಕೀಲರ ಹತ್ತಿರವೇ ಕೇಳಿ.

ನಿಮ್ಮ ಪರವಾಗಿ ಜಾಮೀನು ಕೊಡುವ ಬೇಲ್ ಬಾಂಡ್ ಕಂಪನಿಗೆ ಕಟ್ಟುವ, ಜಾಮೀನು ಮೊತ್ತದ ಸುಮಾರು 10% ವಾಪಸ್ ಬರುವುದಿಲ್ಲ. ಇಮಿಗ್ರೇಷನ್ ಇಲಾಖೆಯ ಡಿಟೇನರ್ (ಬಿಡುವಾಗ ನಮಗೆ ಒಪ್ಪಿಸಿ ಅನ್ನುವ ಕೋರಿಕೆ) ಇದೆಯಾ ಅಂತ ತಿಳಿದುಕೊಂಡ ಮೇಲೆಯೇ ಆ ದುಡ್ಡು ಕಟ್ಟಿ.

ಭಾರತದ ಕಾನ್ಸುಲೇಟಿಗೆ ತಿಳಿಸಿ ಅಂತ ಕೇಳುವುದು 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಒಳಗಿರುವವರ ಹಕ್ಕು. ಕೆಲವು ದೇಶದವರ ವಿಷಯದಲ್ಲಿ ಪೊಲೀಸರು ತಾವಾಗಿಯೇ ತಿಳಿಸಬೇಕು. ಭಾರತ ಆ ಪಟ್ಟಿಯಲ್ಲಿಲ್ಲ, ಕೇಳಿದರೆ ಮಾತ್ರ ತಿಳಿಸುತ್ತಾರೆ. ಕಾನ್ಸುಲೇಟ್ ಜೈಲಿನಿಂದ ಬಿಡಿಸುವುದಿಲ್ಲ. ಮನೆಯವರಿಗೆ ಸುದ್ದಿ ಮುಟ್ಟಿಸುವುದು, ವಕೀಲರ ಪಟ್ಟಿ ಕೊಡುವುದು, ಹೋಗಿ ಮಾತಾಡಿಸುವುದು ಮಾಡಬಹುದು. ಊರಿನಲ್ಲಿರುವ ಅಪ್ಪ ಅಮ್ಮ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ಅಲ್ಲಿಂದಲೇ ದೂರು ದಾಖಲಿಸಬಹುದು.

ಇಂಗ್ಲಿಷ್ ಕಷ್ಟ ಅನಿಸಿದರೆ ಕೋರ್ಟಿನಲ್ಲಿ ಕನ್ನಡದ ಇಂಟರ್‌ಪ್ರಿಟರ್ ಬೇಕು ಅಂತ ಮುಂಚೆಯೇ ಕೇಳಿ. ಇಂಡಿಯಾದವರು ಅಂದ ಕೂಡಲೇ ಹಿಂದಿಯವರನ್ನು ಕರೆಸಿಬಿಡುತ್ತಾರೆ. ಅರ್ಧಂಬರ್ಧ ಹಿಂದಿಯಲ್ಲಿ ತಲೆ ಆಡಿಸಬೇಡಿ.

ಹಂತ 5: ಕ್ಯಾಂಟೀನ್ ದುಡ್ಡು ಮತ್ತು ಸಸ್ಯಾಹಾರ

ಒಳಗೆ ನಗದು ಇಲ್ಲ. ಹೊರಗಿನಿಂದ ಆನ್‌ಲೈನ್ ಅಥವಾ ಲಾಬಿಯ ಯಂತ್ರದಲ್ಲಿ ಬುಕಿಂಗ್ ನಂಬರಿನ ಖಾತೆಗೆ ಹಾಕಬೇಕು. ಅದರಿಂದ ಕಮಿಸರಿಯಲ್ಲಿ (ಜೈಲಿನ ಅಂಗಡಿಯಲ್ಲಿ) ಸೋಪು, ನೂಡಲ್ಸ್, ಪೆನ್ನು, ಲಕೋಟೆ ಕೊಳ್ಳುತ್ತಾರೆ. ಪ್ರತಿ ಸಲ ಹಾಕಿದಾಗಲೂ ಶುಲ್ಕ ಕಡಿಯುತ್ತದೆ, ಹಾಗಾಗಿ ದಿನಾ 10 ಡಾಲರ್ ಹಾಕುವ ಬದಲು ಎರಡು ವಾರಕ್ಕೊಮ್ಮೆ ಹಾಕಿ. ಫೋನ್ ಖಾತೆ ಬೇರೆ, ಕಮಿಸರಿ ಖಾತೆ ಬೇರೆ. ಇದಕ್ಕೆ ಹಾಕಿ ಅದರಲ್ಲಿ ಹುಡುಕುವವರೇ ಬಹಳ. ಇನ್ನೊಬ್ಬ ಕೈದಿಯ ಖಾತೆಗೆ ದುಡ್ಡು ಹಾಕು ಅಂತ ಒಳಗಿನಿಂದ ಮಾತು ಬಂದರೆ ಯಾರೋ ಹೆದರಿಸುತ್ತಿದ್ದಾರೆ ಅಂತ ಅರ್ಥ. ಹಾಕಬೇಡಿ, ವಕೀಲರಿಗೆ ಹೇಳಿ.

24 ಗಂಟೆಯಲ್ಲಿ 3 ಊಟ, ಅದರಲ್ಲಿ ಒಂದಾದರೂ ಬಿಸಿ ಇರಬೇಕು ಅನ್ನುವುದು ರಾಜ್ಯದ ನಿಯಮ. ಸಸ್ಯಾಹಾರ ತಾನಾಗಿ ಬರುವುದಿಲ್ಲ. ಅನೇಕ ಕಡೆ ಧಾರ್ಮಿಕ ಕಾರಣಕ್ಕಾದರೆ ಜೈಲಿನ ಧರ್ಮಗುರು ಚಾಪ್ಲಿನ್‌ಗೆ, ಅಲರ್ಜಿ ಅಥವಾ ಶುಗರ್ ಆದರೆ ಮೆಡಿಕಲ್‌ಗೆ ಚೀಟಿ. ತಪ್ಪು ಕಡೆ ಹಾಕಿದ ಚೀಟಿ ಅಲ್ಲೇ ಕೊಳೆಯುತ್ತದೆ. ಬರೆಯುವಾಗ "ವೆಜಿಟೇರಿಯನ್" ಅಂತಷ್ಟೇ ನಿಲ್ಲಿಸದೆ, ಮಾಂಸ, ಮೀನು, ಮೊಟ್ಟೆ ಇವುಗಳಲ್ಲಿ ಯಾವುದು ಬೇಡ, ಹಾಲು ಆಗುತ್ತದಾ, ಯಾವ ನಂಬಿಕೆಯಿಂದ ಅಂತ ಬಿಡಿಸಿ ಬರೆಯಿರಿ. ಇದಕ್ಕೆ 2000ರ ಫೆಡರಲ್ ಕಾನೂನಿನ ಬೆಂಬಲ ಇದೆ. ಮಂಜೂರಾದ ಮೇಲೆ ಕಮಿಸರಿಯಲ್ಲಿ ಚಿಕನ್ ನೂಡಲ್ಸ್ ತಗೊಂಡರೆ "ಇವರ ನಂಬಿಕೆ ನಿಜವಲ್ಲ" ಅಂತ ಕತ್ತರಿಸುವ ಜೈಲುಗಳೂ ಇವೆ, ನೆನಪಿರಲಿ.

ಹಂತ 6: ಭೇಟಿ, ಪತ್ರ, ಪುಸ್ತಕ

ದೊಡ್ಡ ಜೈಲುಗಳಲ್ಲಿ ವಾರಕ್ಕೆ ಕನಿಷ್ಠ 2 ಭೇಟಿ, ಒಟ್ಟು 1 ಗಂಟೆ ಕೊಡಬೇಕು. ಅಪಾಯಿಂಟ್‌ಮೆಂಟ್ ಮಾಡಿಸಿ, ಅರ್ಧ ಗಂಟೆ ಮುಂಚೆ ಹೋಗಿ. ಬಟ್ಟೆಯ ವಿಷಯದಲ್ಲಿ ಹುಷಾರು. ಕೈದಿಗಳ ಸಮವಸ್ತ್ರದ ಬಣ್ಣ ಬೇಡ, ತೋಳಿಲ್ಲದ್ದು ಬೇಡ. ಒಮ್ಮೆ ಊರಿನಿಂದ ಬಂದಿದ್ದ ತಾಯಿಯೊಬ್ಬರನ್ನು ಬಾಗಿಲಲ್ಲೇ ವಾಪಸ್ ಕಳಿಸಿದರು. ಬ್ಯಾಗಿನಲ್ಲಿ ದೇವಸ್ಥಾನದ ಕುಂಕುಮದ ಪೊಟ್ಟಣ ಇತ್ತು! ಪ್ರಸಾದ, ದಾರ, ವಿಭೂತಿ ಯಾವುದನ್ನೂ ಒಯ್ಯಬೇಡಿ.

ಪತ್ರ ಕಳಿಸುವ ವಿಳಾಸ ಜೈಲಿನದೇ ಆಗಿರಬೇಕು ಅಂತಿಲ್ಲ. ಈಗ ಹಲವು ಕೌಂಟಿಗಳು ಪತ್ರಗಳನ್ನು ಬೇರೆ ಕಡೆ ಸ್ಕ್ಯಾನ್ ಮಾಡಿಸಿ ಟ್ಯಾಬ್ಲೆಟ್‌ನಲ್ಲಿ ತೋರಿಸುತ್ತವೆ. ದುಡ್ಡಿಲ್ಲದ ಕೈದಿಗೆ ವಾರಕ್ಕೆ ಕನಿಷ್ಠ 2 ಪತ್ರಕ್ಕೆ ಅಂಚೆ ಖರ್ಚು ಉಚಿತ.

ಪುಸ್ತಕ ಪ್ರಕಾಶಕರಿಂದ ಇಲ್ಲವೇ ಅಂಗಡಿಯಿಂದ ನೇರವಾಗಿ, ಹೊಸದಾಗಿ, ಪೇಪರ್‌ಬ್ಯಾಕ್ ಆಗಿಯೇ ಬರಬೇಕು ಅನ್ನುವ ನಿಯಮ ಸಾಮಾನ್ಯ. ಮನೆಯ ಶೆಲ್ಫಿನ ಕನ್ನಡ ಕಾದಂಬರಿ ವಾಪಸ್ ಬರುತ್ತದೆ. ಬೆಂಗಳೂರಿನ ಪ್ರಕಾಶಕರಿಂದ ನೇರ ಪಾರ್ಸೆಲ್ ಮಾಡಿಸುವ ಮುಂಚೆ ಮೇಲ್‌ರೂಮಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ಹಂತ 7: ಸುಧಾರಣಾ ಕ್ಲಾಸುಗಳಿಗೆ ಸೇರಿಸುವುದು

ಏನೇನು ಇರುತ್ತದೆ? ಹೈಸ್ಕೂಲ್ ಮುಗಿಸುವ ಪಾಠ, ಕುಡಿತ ಮತ್ತು ಡ್ರಗ್ಸ್ ಬಿಡಿಸುವ ಗುಂಪುಗಳು, ಕೋಪ ನಿಯಂತ್ರಣ, ಮಕ್ಕಳನ್ನು ಬೆಳೆಸುವ ತರಬೇತಿ, ಅಡುಗೆಮನೆ ಮತ್ತು ಲಾಂಡ್ರಿ ಕೆಲಸ, ಧ್ಯಾನ. ಒಪಿಯಾಯ್ಡ್ ಚಟಕ್ಕೆ ಬ್ಯೂಪ್ರಿನಾರ್ಫಿನ್‌ನಂಥ ಔಷಧ ಚಿಕಿತ್ಸೆ. ಸ್ಯಾನ್ ಫ್ರಾನ್ಸಿಸ್ಕೊ ಜೈಲಿನಲ್ಲಿ 2003ರಲ್ಲಿ ಶುರುವಾದ ಫೈವ್ ಕೀಸ್ ಶಾಲೆ ಮಾನ್ಯತೆ ಇರುವ ಡಿಪ್ಲೊಮಾ ಕೊಡುತ್ತದೆ. ಎಂಜಿನಿಯರಿಂಗ್ ಮಾಡಿದವರು "ನನಗೆ ಹೈಸ್ಕೂಲ್ ಕ್ಲಾಸ್ ಯಾಕೆ" ಅಂತ ನಗುತ್ತಾರೆ. ಅಂಥವರು ಪಾಠ ಹೇಳಿಕೊಡುವ ಟ್ಯೂಟರ್ ಕೆಲಸ ಕೇಳಬಹುದು, ಅದೂ ದಾಖಲೆಗೆ ಬರುತ್ತದೆ.

ಕ್ರಮ ಹೀಗಿರಲಿ. ಕ್ಲಾಸಿಫಿಕೇಷನ್ (ಯಾರನ್ನು ಎಲ್ಲಿ ಇಡಬೇಕು ಅನ್ನುವ ವಿಂಗಡಣೆ) ಆಗಿ ಬ್ಲಾಕ್ ಸಿಕ್ಕ ದಿನವೇ ಮೊದಲ ಚೀಟಿ: "ನನ್ನ ಬ್ಲಾಕಿನಲ್ಲಿ ಯಾವ ಕ್ಲಾಸುಗಳಿವೆ?" ಉತ್ತರ ಬಂದ ಕೂಡಲೇ ಪ್ರತಿ ಕ್ಲಾಸಿಗೂ ಬೇರೆ ಬೇರೆ ಚೀಟಿ. ಒಂದೇ ಚೀಟಿಯಲ್ಲಿ ನಾಲ್ಕು ಕೇಳಿದರೆ ಒಂದಕ್ಕೆ ಉತ್ತರ ಕೊಟ್ಟು ಮುಚ್ಚುತ್ತಾರೆ. ವೇಟಿಂಗ್ ಲಿಸ್ಟ್ ಅಂದರೆ ವಾರಕ್ಕೊಮ್ಮೆ ಮತ್ತೆ ಬರೆಯಬೇಕು. ಬೇರೆ ಬ್ಲಾಕಿಗೆ ಹಾಕಿದರೆ ಹಳೆಯ ಪಟ್ಟಿಯಿಂದ ಹೆಸರು ಬಿದ್ದುಹೋಗಿರಬಹುದು, ಅಲ್ಲಿ ಮೊದಲಿನಿಂದ ಶುರು. ವಿಚಾರಣೆ ಮುಗಿಯುವವರೆಗೆ ಕಾಯುವ ಅಗತ್ಯವಿಲ್ಲ. ಕಾದವರಿಗೆ ಶಿಕ್ಷೆಯ ದಿನ ತೋರಿಸಲು ಏನೂ ಇರುವುದಿಲ್ಲ.

ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಒಂದು ಕಾಪಿ ವಕೀಲರಿಗೆ ಹೋಗಲಿ. ಸೆಲ್ ತಪಾಸಣೆಯಲ್ಲಿ, ಜಾಗ ಬದಲಾಯಿಸುವಾಗ ಕಾಗದ ಕಳೆದುಹೋಗುತ್ತದೆ. ಕ್ಲಾಸ್ ಮುಗಿಯುವ ಮುಂಚೆ ಬಿಡುಗಡೆ ಆಗುವ ಹಾಗಿದ್ದರೆ, ಎಷ್ಟು ಗಂಟೆ ಕೂತಿದ್ದಾರೆ ಅಂತ ಪತ್ರ ಬರೆದುಕೊಡಿ ಅಂತ ಟೀಚರನ್ನು ಕೇಳಬೇಕು.

ದಿನದ ಲೆಕ್ಕ ಹೀಗೆ. ಕ್ಯಾಲಿಫೋರ್ನಿಯಾದ ಕೌಂಟಿ ಜೈಲಿನಲ್ಲಿ ನಡತೆ ಸರಿಯಿದ್ದು, ಕೊಟ್ಟ ಕೆಲಸ ಮಾಡಿದರೆ, ಸಾಮಾನ್ಯವಾಗಿ 2 ದಿನ ಕಳೆದದ್ದು 4 ದಿನ ಅಂತ ಲೆಕ್ಕವಾಗುತ್ತದೆ. ಇದರಲ್ಲಿ ಅಪವಾದಗಳಿವೆ. ಸಣ್ಣ ಜಗಳಕ್ಕೆ ಬರೆದ ಒಂದು ಶಿಸ್ತು ವರದಿ ಈ ದಿನಗಳನ್ನು ತಿಂದುಹಾಕಬಹುದು.

ಇನ್ನು ಎಚ್ಚರಿಕೆಗಳು. ಕೇಸ್ ನಡೆಯುವಾಗ ಗುಂಪಿನ ಕ್ಲಾಸಿನಲ್ಲಿ "ಮನಸ್ಸು ಬಿಚ್ಚಿ ಹೇಳಿ" ಅನ್ನುತ್ತಾರೆ. ಕುಡಿತದ ಬಗ್ಗೆ, ಕೋಪದ ಬಗ್ಗೆ ಮಾತಾಡಲಿ. ಆವತ್ತಿನ ಘಟನೆ ಬೇಡ. ಜೊತೆಗೆ ಕೂತವರಲ್ಲಿ ಯಾರು ಸಾಕ್ಷಿ ಹೇಳಲು ಬರುತ್ತಾರೋ ಯಾರಿಗೆ ಗೊತ್ತು, ಅಲ್ವಾ?

ಒಳಗೆ ಮಾಡಿದ ಕೋಪ ನಿಯಂತ್ರಣದ ಕ್ಲಾಸು, ಕೌಟುಂಬಿಕ ಹಿಂಸೆ ಕೇಸಿನಲ್ಲಿ ಪ್ರೊಬೇಷನ್ (ಷರತ್ತಿನ ಮೇಲೆ ಹೊರಗೆ ಬಿಡುವುದು) ಜೊತೆ ಬರುವ 52 ವಾರದ ಕೋರ್ಸಿಗೆ ಬದಲಿ ಆಗುವುದಿಲ್ಲ. ಕುಡಿದು ಗಾಡಿ ಓಡಿಸಿದ ಕೇಸಿಗೂ ಹೊರಗೆ ಲೈಸೆನ್ಸ್ ಇರುವ ಸಂಸ್ಥೆಯ ಕೋರ್ಸ್ ಬೇರೆಯೇ ಇದೆ. ಜೈಲಿನ ಕ್ಲಾಸು ಜಡ್ಜ್ ಮುಂದೆ ಒಳ್ಳೆಯ ಮಾತಾಗುತ್ತದೆ, ಅಷ್ಟೇ.

ವೀಸಾದವರಿಗೆ ದೊಡ್ಡ ಗುಂಡಿ ಇರುವುದು ಇಲ್ಲಿ. "ತಪ್ಪೊಪ್ಪಿಕೊಂಡು ಟ್ರೀಟ್‌ಮೆಂಟ್ ಮುಗಿಸಿದರೆ ಕೇಸ್ ವಜಾ" ಅನ್ನುವ ಯೋಜನೆಗಳಿವೆ. ರಾಜ್ಯದ ಲೆಕ್ಕದಲ್ಲಿ ಕೇಸ್ ಹೋಯಿತು. ಇಮಿಗ್ರೇಷನ್ ಕಾನೂನಿನಲ್ಲಿ ಮಾತ್ರ ತಪ್ಪೊಪ್ಪಿಗೆಯ ಜೊತೆ ಯಾವುದಾದರೂ ನಿರ್ಬಂಧ ಹಾಕಿದ್ದರೆ ಅಪರಾಧ ಸಾಬೀತಾದ ಹಾಗೆಯೇ. ತಪ್ಪೊಪ್ಪಿಗೆ ಇಲ್ಲದೆ ಮಾಡುವ ಡೈವರ್ಷನ್ (ಕೇಸ್ ನಿಲ್ಲಿಸಿ ಚಿಕಿತ್ಸೆಗೆ ಕಳಿಸುವುದು) ಇದೆಯಾ ಕೇಳಿ. ಮಾನಸಿಕ ಕಾಯಿಲೆ ಇದ್ದವರಿಗೆ ಅಂಥದ್ದು 2018ರಿಂದ ಕ್ಯಾಲಿಫೋರ್ನಿಯಾದಲ್ಲಿದೆ. ಡಿಪ್ರೆಷನ್, ಬೈಪೋಲಾರ್‌ಗೆ ಊರಿನಲ್ಲಿ ಚಿಕಿತ್ಸೆ ಪಡೆದಿದ್ದರೆ, ನಿಮ್ಹಾನ್ಸ್ ಆಗಲಿ ಬೇರೆ ಆಸ್ಪತ್ರೆಯಾಗಲಿ, ಆ ದಾಖಲೆ ತರಿಸಿ ವಕೀಲರಿಗೆ ಕೊಡಿ. ಡ್ರಾಯರ್‌ನಲ್ಲಿ ಮಡಚಿ ಬಚ್ಚಿಟ್ಟಿರುವ ಆ ಹಳೇ ಚೀಟಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 8: ಉತ್ತರವೇ ಬರದಿದ್ದರೆ

ರಿಕ್ವೆಸ್ಟ್ ಬೇರೆ, ಗ್ರೀವೆನ್ಸ್ (ಲಿಖಿತ ದೂರು) ಬೇರೆ. ಚೀಟಿಗೆ ಉತ್ತರ ಬರಲಿಲ್ಲ ಅಂದರೆ ಗ್ರೀವೆನ್ಸ್ ಫಾರಂ ತುಂಬಬೇಕು. ದಿನಾಂಕ, ಸಮಯ, ಏನು ಕೇಳಿದ್ದು, ಏನು ಆಗಬೇಕು. ಬೈಗುಳ ಬೇಡ. ಕಾಪಿ ಇಟ್ಟುಕೊಳ್ಳಬೇಕು, ತಿರಸ್ಕರಿಸಿದರೆ ಗಡುವಿನೊಳಗೆ ಅಪೀಲು ಹಾಕಬೇಕು. 1996ರ ಫೆಡರಲ್ ಕಾನೂನಿನ ಪ್ರಕಾರ, ಒಳಗಿನ ಈ ಮೆಟ್ಟಿಲುಗಳನ್ನೆಲ್ಲ ಹತ್ತದೆ ಜೈಲಿನ ಸ್ಥಿತಿಗತಿಯ ಬಗ್ಗೆ ಫೆಡರಲ್ ಕೋರ್ಟಿಗೆ ಹೋದರೆ ಕೇಸ್ ಬಿದ್ದುಹೋಗುತ್ತದೆ. ಹೊರಗಿನಿಂದ ನೀವು ಹತ್ತು ಇಮೇಲ್ ಕಳಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಒಳಗಿರುವವರೇ ಬರೆಯಬೇಕು.

ಹಂತ 9: ಬಿಡುಗಡೆಯ ಹಿಂದಿನ ವಾರ

ಬಿಡುಗಡೆ ರಾತ್ರಿ ಎಷ್ಟು ಹೊತ್ತಿಗಾದರೂ ಆಗಬಹುದು. ಬೇಸಿಗೆಯಲ್ಲಿ ಹಿಡಿದವರು ಡಿಸೆಂಬರ್‌ನಲ್ಲಿ ಅದೇ ಟೀ ಶರ್ಟಿನಲ್ಲಿ ಹೊರಗೆ ಬರುತ್ತಾರೆ. ಕಾರಿನಲ್ಲಿ ಜಾಕೆಟ್, ಫೋನ್ ಚಾರ್ಜರ್ ಇಟ್ಟುಕೊಳ್ಳಿ. ಒಂದು ವಾರ ಮುಂಚೆ ಮೆಡಿಕಲ್‌ಗೆ ಚೀಟಿ: ಹೋಗುವಾಗ ಮಾತ್ರೆ ಅಥವಾ ಪ್ರಿಸ್ಕ್ರಿಪ್ಷನ್ ಬೇಕು. ರೀಎಂಟ್ರಿ (ಬಿಡುಗಡೆಯಾದವರಿಗೆ ನೆರವಾಗುವ) ವಿಭಾಗ ಇದ್ದರೆ ಅಲ್ಲಿಗೂ ಒಂದು: ಕೌನ್ಸೆಲಿಂಗ್, ಉಳಿಯುವ ಜಾಗ, ಕೋರ್ಟ್ ಹೇಳಿದ ಕೋರ್ಸಿನ ಪಟ್ಟಿ.

ಸಂಪರ್ಕ ಬೇಡ ಅನ್ನುವ ಆದೇಶ ಇದ್ದರೆ ನೇರ ಮನೆಗೆ ಹೋಗುವಂತಿಲ್ಲ, ಬಟ್ಟೆ ತರಲೂ ಹೋಗುವಂತಿಲ್ಲ. ಉಳಿಯಲು ಸ್ನೇಹಿತರ ಮನೆ ಮೊದಲೇ ಗೊತ್ತು ಮಾಡಿ.

ಕೌಂಟರಿನಲ್ಲಿ ಕೊಡುವ ಸಾಮಾನಿನ ಪಟ್ಟಿ ನೋಡಿ ಸಹಿ ಹಾಕಬೇಕು. ಪಾಸ್‌ಪೋರ್ಟ್ ಅಲ್ಲಿ ಇಲ್ಲದಿದ್ದರೆ ಪೊಲೀಸರು ಸಾಕ್ಷ್ಯ ಅಂತ ಇಟ್ಟುಕೊಂಡಿರಬಹುದು, ಅದನ್ನು ಬಿಡಿಸುವುದು ವಕೀಲರ ಕೆಲಸ. ಖಾತೆಯಲ್ಲಿ ಉಳಿದ ದುಡ್ಡನ್ನು ಡೆಬಿಟ್ ಕಾರ್ಡಿನಲ್ಲಿ ಕೊಟ್ಟರೆ ಬೇಗ ಖರ್ಚು ಮಾಡಿ. ಅಂಥ ಕಾರ್ಡುಗಳಲ್ಲಿ ಸುಮ್ನೆ ಇಟ್ಟ ದುಡ್ಡಿಗೂ ಶುಲ್ಕ ಹಿಡಿಯುವುದುಂಟು.